ಯೆಶಾಯಪ್ಪನ ಸಾಕ್ಷಿ

ಕೆನ್ನೆಗೆ ಸೋಪು ಹಚ್ಚಿಕೊಂಡು ಚಾಳದ ಗ್ಯಾಲರಿಯ ಸ್ಟೂಲಿನ ಮೇಲೆ ಕೂತಿದ್ದ ಯೆಶಾಯಪ್ಪನಿಗೆ, ಎದ್ದಾಗಿನಿಂದ ಎಷ್ಟು ಒದ್ದಾಡಿದರೂ ತನ್ನೊಳಗೆ ಕೃತಜ್ಞತೆ ಹುಟ್ಟುತ್ತಿಲ್ಲವೆಂಬುದು ಖಾತ್ರಿಯಾಯಿತು. ಹುಟ್ಟದೆ ಗತಿಯಿರಲಿಲ್ಲ. ಇವತ್ತು ಸಭೆಯ ಕೃತಜ್ಞತಾ ಹಬ್ಬ. ಮಧ್ಯಾಹ್ನ ಪರೇಲಿನ ದೇವಾಲಯದಲ್ಲಿ ಮರಾಠಿ ಸಭೆಯವರು ತಮ್ಮ ಆರಾಧನೆ ಮುಗಿಸಿ ಬೆಂಚು ಬಿಟ್ಟುಕೊಟ್ಟ ಮೇಲೆ, ಈ ಊರಿನ ಮೂಲೆಮೂಲೆಯಲ್ಲಿ ಚದುರಿಹೋಗಿರುವ ಗದಗ, ಬೆಟಗೇರಿ, ಗುಳೇದಗುಡ್ಡದ ಕ್ರೈಸ್ತ ಮನೆಗಳವರೆಲ್ಲ ಪ್ರಥಮ ಫಲ ಹಿಡಿದುಕೊಂಡು ಬರುತ್ತಾರೆ. ಹೊಲವೆಲ್ಲಿದೆ, ಫಲವೆಲ್ಲಿದೆ? ದಾದರಿನ ಮಾರ್ಕೆಟ್ಟಿನ ಕುಂಬಳಕಾಯಿ, ರೇಷನ್ನಿನ ಕೆಂಪು ಜೋಳ, ಯಾರೋ ಒಬ್ಬರು ಒಂದು ಕೋಳಿ. ಅದನ್ನೆಲ್ಲ ವೇದಿಯ ಮುಂದಿಟ್ಟು ಹಾಡಿ, ಪ್ರಾರ್ಥಿಸಿ, ಕಡೆಗೆ ಅಂಗಳದಲ್ಲಿ ಹರಾಜು ಹಾಕುವುದು ಪದ್ಧತಿ. ಹರಾಜಿಗೆ ಮೊದಲು ಒಬ್ಬರು ಎದ್ದು, ಆ ವರ್ಷ ದೇವರು ತಮಗೆ ಮಾಡಿದ ಉಪಕಾರವನ್ನು ಸಾಕ್ಷಿಯಾಗಿ ಹೇಳಬೇಕು. ಈ ಸಲ ಹೇಳಬೇಕಾದವನು ಸಭೆಯ ಹಿರಿಯನೂ ಗಿರಣಿಯ ಆಫೀಸಿನ ಹೆಡ್‌ಕ್ಲಾರ್ಕೂ ಆದ ಯೆಶಾಯಪ್ಪ. ಲೋಕಲ್ ಗಾಡಿಯ ಕೆಳಗೆ ಹೋಗಬೇಕಾಗಿದ್ದ ಅವನನ್ನು ದೇವದೂತನೊಬ್ಬ ಹಿಡಿದೆತ್ತಿದ ಸಂಗತಿ. ‘ಸ್ತೋತ್ರ ಕರ್ತನೇ’ ಎಂದು ಕನ್ನಡಿಯಲ್ಲಿದ್ದ ತನ್ನ ಸೋಪಿನ ಬಿಳಿ ಗಡ್ಡಕ್ಕೆ ಮೆಲ್ಲಗೆ ಹೇಳಿಕೊಂಡು ನೋಡಿದ. ಒಳಗಿನಿಂದ ಏಳಬೇಕಾದದ್ದು ಏಳಲಿಲ್ಲ. ಎದ್ದದ್ದು, ನಳ ನಿಲ್ಲುವ ಹೊತ್ತಾಯಿತು, ಬಕೆಟ್ಟು ಇನ್ನೂ ತುಂಬಿಲ್ಲ ಎಂಬ ಸಿಟ್ಟು.

ನಳದ ಹತ್ತಿರದಿಂದ ದೂಜನ ದನಿ ಬಂತು. “ಏನು ಯೆಶಾಯಪ್ಪನವರೇ, ಇದ್ದೀರಾ?”

ಅದೇ ಪ್ರಶ್ನೆ, ದಿನಾ. ಎರಡು ಬಾಗಿಲು ಆಚೆಯ ಖೋಲಿಯಲ್ಲಿರುವ ದೂಜ ಸಾಂತಾಕ್ರೂಜಿನ ಒಂದು ಹೋಟೆಲಿನಲ್ಲಿ ಅಡುಗೆಯವನು, ಮಂಗಳೂರು ಕಡೆಯವನು, ಕಥೊಲಿಕ. ಟವೆಲು ಹೆಗಲಿಗೆ ಹಾಕಿಕೊಂಡು ಸಾಲಿನಲ್ಲಿ ನಿಂತು, ಇಡೀ ಅಂಧೇರಿಗೆ ಕೇಳುವ ಹಾಗೆ ‘ಇದ್ದೀರಾ’ ಎನ್ನುತ್ತಾನೆ. ಏನರ್ಥ ಅದಕ್ಕೆ? ನಾನು ಹಿಡಿದದ್ದರಿಂದ ಇದ್ದೀಯಾ, ಮರೀಬೇಡ ಅಂತಲ್ಲವೆ? “ಅದೀನಪಾ, ಅದೀನಿ” ಎಂದು ಯೆಶಾಯಪ್ಪ ಬ್ಲೇಡು ಎತ್ತಿದ. ದೂಜ ಅಷ್ಟಕ್ಕೇ ಬಿಡುವವನಲ್ಲ. ಹಿಂದೆ ನಿಂತ ಹೆಂಗಸರ ಕಡೆ ತಿರುಗಿ, “ಎಂಥ ಬಂಗುಡೆ ಮೀನು ಮಾರಾಯ್ರೇ ಅವು! ಹೀಗೆ ಬೆಳ್ಳಿ ಬೆಳ್ಳಿ ಹೊಳೀತಿದ್ದವು. ಕಣ್ಣು ನೋಡಿದ್ರೆ ಜೀವ ಉಂಟೋ ಅಂತ ಅನ್ನಿಸ್ಬೇಕು” ಎಂದ. ಹೆಂಗಸರು ನಕ್ಕರು. ಬ್ಲೇಡು ಗದ್ದಕ್ಕೆ ತಾಗಿ ರಕ್ತ ಬಂತು.

ಮಳೆಗಾಲಕ್ಕೆ ಮುಂಚಿನ ಆ ಸಂಜೆ, ಆಫೀಸಿನಿಂದ ಬರುವಾಗ, ಸಾಂತಾಕ್ರೂಜಿನಲ್ಲಿ ಇಳಿಯುವವರ ನೂಕಿಗೆ ಅವನೂ ಪ್ಲಾಟ್‌ಫಾರ್ಮಿಗೆ ಬಂದು ಬಿದ್ದಿದ್ದ. ಸುಮ್ಮನೆ ಮುಂದಿನ ಗಾಡಿಗೆ ಕಾಯಬಹುದಿತ್ತು. ಆದರೆ ಹಿರಿಯರ ಕೂಟಕ್ಕೆ ಹೊತ್ತಾಗಿತ್ತು, ಹೊತ್ತಾದವರನ್ನು ಬಯ್ಯುವ ಕೆಲಸ ಅವನದೇ. ಹೊರಟ ಗಾಡಿಯ ಹಿಂದೆ ಓಡಿ, ಕಂಬಿಗೆ ಕೈ ಹಾಕಿದ, ಕಾಲಿಟ್ಟಲ್ಲಿ ಹಲಗೆಯೇ ಇರಲಿಲ್ಲ. ಕೆಳಗೆ ಗಾಲಿ ತಿರುಗುವುದು ಕಾಣಿಸಿತು. ಆಗ ನೆನಪಾದದ್ದು ದೇವರಲ್ಲ, ಆಫೀಸಿನ ಡ್ರಾಯರಿನ ಕೀಲಿ ಕೋಟಿನ ಜೇಬಿನಲ್ಲೇ ಉಳಿದಿದೆ ಎಂಬುದು! ಅಷ್ಟರಲ್ಲಿ ಹಿಂದಿನಿಂದ ಯಾರೋ ಪ್ಯಾಂಟಿನ ನಡುಪಟ್ಟಿಗೆ ಕೈ ಹಾಕಿ, ಚೀಲ ಎತ್ತಿದ ಹಾಗೆ ಅವನನ್ನು ಎತ್ತಿ ಒಳಗೆಸೆದರು. ಗುಂಡಿಗಳು ಹಾರಿಹೋದವು. ಹಿಂದಿನ ಹೊಲಿಗೆ ಉದ್ದಕ್ಕೆ ಬಿಟ್ಟುಕೊಂಡಿತು. ಪ್ಯಾಂಟು ಮೊಳಕಾಲಿಗೆ ಬಂದಿತ್ತು, ಡಬ್ಬಿ ತುಂಬ ಜನ ನೋಡುತ್ತಿದ್ದರು, ಹೆಂಡತಿ ಸುಂದ್ರವ್ವ ಮನೆಯಲ್ಲೇ ಹೊಲಿದ ಪಟ್ಟೆ ಪಟ್ಟೆ ಚಡ್ಡಿ ಎಲ್ಲರಿಗೂ ಕಂಡಿತು. ತಿರುಗಿ ನೋಡಿದರೆ ದೂಜ. ಬಾಗಿಲಿನಿಂದ ಹೊರಗೆ ಬಗ್ಗಿ ಹಿಂದೆ ಸರಿಯುತ್ತಿದ್ದ ಹಳಿಯನ್ನೇ ನೋಡುತ್ತ, “ಅಯ್ಯೋ ನನ್ನ ಬಂಗುಡೆ! ಹೋಯ್ತು ಮಾರಾಯ್ರೇ, ಚೀಲ ಹೋಯ್ತು” ಎಂದು ಕೂಗುತ್ತಿದ್ದ. ಅಂಧೇರಿ ಬರುವವರೆಗೆ ಯೆಶಾಯಪ್ಪ ಎರಡೂ ಕೈಯಲ್ಲಿ ಪ್ಯಾಂಟು ಹಿಡಿದು ನಿಂತ. ಒಬ್ಬ ಪುಣ್ಯಾತ್ಮ ಪೇಪರು ಕೊಟ್ಟು, ಹಿಂದೆ ಅಡ್ಡ ಹಿಡಿದುಕೊಳ್ಳಲು ಹೇಳಿದ. ಉಪಕಾರವೆಂಬುದು ಇಷ್ಟು ನಾಚಿಕೆಗೇಡು ಎಂದು ಯಾವ ಭಾನುವಾರದ ಪ್ರಸಂಗದಲ್ಲೂ ಸಭೆಯ ಯಾವ ಪಾದ್ರಿ ಅಯ್ಯನವರೂ ಹೇಳಿರಲಿಲ್ಲ.

“ಹೋಗಿ ಒಂದು ಮಾತು ಹೇಳಿ ಬರ್ರಿ” ಎಂದು ಸುಂದ್ರವ್ವ ಅವತ್ತೇ ಅಂದಿದ್ದಳು, ಗುಂಡಿ ಹಚ್ಚುತ್ತ. ಏನು ಮಾತು? ಧನ್ಯವಾದ ಎಂದರೆ ಭಾಷಣದವರ ಮಾತಾಯಿತು. ಥ್ಯಾಂಕ್ಯೂ ಎಂದರೆ ಆಫೀಸಿನಲ್ಲಿ ಪಿನ್ನು ಕೊಟ್ಟವರಿಗೆ ಹೇಳುವುದು. ಸ್ತೋತ್ರ ಎನ್ನೋಣವೆಂದರೆ ಅದು ದೇವರಿಗೆ ಮೀಸಲು. ಬೆಟಗೇರಿಯಲ್ಲಿ ಅವನ ಅಪ್ಪ ಯಾರಿಗೂ ಇಂಥದೊಂದು ಹೇಳಿದ್ದು ಅವನಿಗೆ ನೆನಪಿಲ್ಲ. ಮತ್ತೆ ದೂಜನಿಗೆ ಹೇಳುವುದು ಹೇಗೆ? ಆ ಮನುಷ್ಯ ಮೀನು ಹುರಿಯುವ ವಾಸನೆಯಿಂದ ಸಂಜೆಯ ಪ್ರಾರ್ಥನೆ ಕೆಡುತ್ತದೆಂದು ಚಾಳದ ಮಾಲಕನವರೆಗೂ ದೂರು ಒಯ್ದವನು ಯೆಶಾಯಪ್ಪನೇ. ಭಾನುವಾರ ಇಸ್ಪೀಟು ಆಡುತ್ತ ಹಾಡಿದ್ದಕ್ಕೆ ಗ್ಯಾಲರಿಯ ಕಟಕಟೆಗೆ ಚೆಂಬಿನಿಂದ ಬಡಿದವನೂ ಅವನೇ. ಅಂಥವನ ಬಾಗಿಲಿಗೆ ಹೋಗಿ ನಿಂತು, ನೀ ನನ್ನ ಜೀವ ಉಳಿಸಿದಿ ಎನ್ನುವುದೆ? ದೇವರಿಗಾದರೆ ದಿನಕ್ಕೆ ಹತ್ತು ಸಲ ಹೇಳಬಹುದು. ದೇವರೇನು ಎರಡು ಬಾಗಿಲು ಆಚೆ ಇರುವುದಿಲ್ಲ, ನಳದ ಸಾಲಿನಲ್ಲಿ ಟವೆಲು ಹಾಕಿಕೊಂಡು ನಿಂತು ಬಂಗುಡೆಯ ಸುದ್ದಿ ತೆಗೆಯುವುದಿಲ್ಲ. ಹೀಗೆ ವಿಚಾರ ಮಾಡುತ್ತ ಇವತ್ತು ನಾಳೆ ಎನ್ನುತ್ತ ಮಳೆಗಾಲ ಕಳೆಯಿತು. ಹೇಳದ ಮಾತು ದಿನದಿಂದ ದಿನಕ್ಕೆ ಹೇಳಲಾಗದ ಮಾತಾಯಿತು.

ಇದರ ನಡುವೆ ಪ್ರಾರ್ಥನಾ ಕೂಟದಲ್ಲಿ ಆ ಅನಾಹುತ ನಡೆಯಿತು. ಅವನು ಸುಳ್ಳು ಹೇಳಲಿಲ್ಲ, ಆಣೆ ಮಾಡಿ ಹೇಳಬಲ್ಲ. ಸಭೆಯಲ್ಲಿ ಎಲ್ಲರೂ ಹೇಗೆ ಹೇಳುತ್ತಾರೋ ಹಾಗೆಯೇ ಹೇಳಿದ. ಕೆಲಸ ಸಿಕ್ಕರೆ ‘ಕರ್ತನು ಬಾಗಿಲು ತೆರೆದನು’, ಜ್ವರ ಬಿಟ್ಟರೆ ‘ಕರ್ತನು ಮುಟ್ಟಿದನು’. ಡಾಕ್ಟರ ಹೆಸರನ್ನು ಯಾರೂ ಎತ್ತುವುದಿಲ್ಲ, ಡಾಕ್ಟರು ಕೂಡ ಬೇಜಾರು ಮಾಡಿಕೊಳ್ಳುವುದಿಲ್ಲ. ಅದೇ ರೂಢಿಯ ಮೇಲೆ ಯೆಶಾಯಪ್ಪ ಕಣ್ಣು ಮುಚ್ಚಿ, “ಗಾಲಿಯ ಬಾಯಿಗೆ ಬೀಳಬೇಕೆನ್ನುವಷ್ಟರಲ್ಲಿ ಒಂದು ಹಸ್ತವು ನನ್ನನ್ನು ಹಿಡಿದೆತ್ತಿತು” ಎಂದ. ಎಲ್ಲರಿಗಿಂತ ಹಿರಿಯಳಾದ ನಾಗವ್ವ ಕೈ ಜೋಡಿಸಿಕೊಂಡು, “ಯಾರ ಕೈರೀ ಅದು? ಕಂಡ್ತೇನು?” ಎಂದಳು. ಆಗ, ಆ ಒಂದು ಗಳಿಗೆಯಲ್ಲಿ, ‘ದೂಜನದು’ ಎನ್ನಬಹುದಿತ್ತು. “ಎಲ್ಲೆ ಹಿಡೀತ್ರೀ?” ಎಂದು ನಾಗವ್ವ ಮತ್ತೆ ಕೇಳಿದಳು. ಹಿಡಿದ ಜಾಗವನ್ನು ಪ್ರಾರ್ಥನಾ ಕೂಟದಲ್ಲಿ ತೋರಿಸುವುದು ಸಾಧ್ಯವೆ? ಅವನ ಬೆರಳು ತಾನಾಗಿ ಹೆಗಲಿನ ಮೇಲೆ ಹೋಯಿತು. ನಾಗವ್ವ ಎದ್ದು ಬಂದು ಆ ಹೆಗಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮುಂದಿನ ವಾರ ಹೆಗಲು ಮುಟ್ಟಲು ಇನ್ನೂ ನಾಲ್ಕು ಜನ ಬಂದರು. ಮೂರನೆಯ ವಾರ, ದೂತನಿಗೆ ರೆಕ್ಕೆ ಇದ್ದವೆಂದು ಯಾರೋ ಕಲ್ಯಾಣ ಸ್ಟೇಶನ್ನಿನ ಕಡೆಯ ಮನೆಯೊಂದರಲ್ಲಿ ಹೇಳಿದರಂತೆ. ಅಯ್ಯನವರು ಕರೆದು, “ಹಬ್ಬದ ದಿವ್ಸ ನೀವ ಹೇಳ್ರಿ ಯೆಶಾಯಪ್ನೋರ, ಸಭಾ ತಣ್ಣಗಾಗೇತಿ, ಬೆಂಕಿ ಹತ್ತಬೇಕು” ಎಂದಾಗ ಅವನಿಗೆ ಬೆವರು ಬಂತು. ಅದನ್ನೂ ಅಯ್ಯನವರು ಪವಿತ್ರಾತ್ಮನ ಕಾರ್ಯವೆಂದೇ ತಿಳಿದರು.

“ದೂತಾ ಅಂತ, ದೂತಾ” ಎಂದು ಸುಂದ್ರವ್ವ ಒಳಗೆ ಕೆಂಪು ಜೋಳವನ್ನು ಗಂಟು ಕಟ್ಟುತ್ತ ಅಂದಳು. ಅವಳಿಗೆ ಈ ಜೋಳ ಕಂಡರೇ ಆಗದು. ರೊಟ್ಟಿ ಬಡಿದರೆ ತಟ್ಟೆಯಲ್ಲೇ ಬಿರಿಯುತ್ತದೆ. “ಆ ದೂತ ದಿನಾ ನಳದಾಗ ಮಾರಿ ತೊಳೀತಾನ. ಚಾಳದ ಮಂದಿಗೆಲ್ಲ ಗೊತ್ತೈತಿ. ಇವತ್ತ ದೇವರ ಮುಂದ ನಿಂತು ಅದನ್ನ ಹೇಳಾವ್ರೇನ್ರೀ?”

“ಸುಮ್ಮನಿರು. ದೇವರ ಕೈ ಅಂದ್ರ ಏನು? ಮನುಷ್ಯಾರ ಮೂಲಕನ ದೇವರು...”

“ಹಂಗಾರ ಆ ಮನುಷ್ಯಾಂದು ಹೆಸರು ಹೇಳ್ರಿ. ದೇವರೇನು ಸಿಟ್ಟಾಗೂದಿಲ್ಲ.” ಗಂಟನ್ನು ಬಿಗಿದು ಅವಳು ಬಾಗಿಲ ಹತ್ತಿರ ಇಟ್ಟಳು. ಹೋದ ಯುದ್ಧದ ಬ್ಲ್ಯಾಕೌಟಿಗೆ ಕಿಟಕಿಗೆ ಅಂಟಿಸಿದ ಕಪ್ಪು ಕಾಗದವನ್ನು ಇನ್ನೂ ಕಿತ್ತಿರಲಿಲ್ಲ. ಅದರಿಂದ ಕನ್ನಡಿಯಂತಾಗಿದ್ದ ಗಾಜಿನ ಮುಂದೆ ನಿಂತು ಟೈ ಕಟ್ಟಿಕೊಳ್ಳುವಾಗ ಯೆಶಾಯಪ್ಪನಿಗೆ ತನ್ನ ಮೇಲೆ ತನಗೇ ಅಸಹ್ಯವೆನಿಸಿತು. ಮರುಗಳಿಗೆಯೇ, ಅಸಹ್ಯಪಟ್ಟುಕೊಳ್ಳುವಷ್ಟು ಸೂಕ್ಷ್ಮ ಮನಸ್ಸು ತನ್ನದೆಂದು ತುಸು ಸಮಾಧಾನವೂ ಆಯಿತು.

ದೇವಾಲಯ ತುಂಬಿತ್ತು. ಕುಂಬಳಕಾಯಿಗಳು, ತೆಂಗಿನಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಒಂದು ಕೆಂಚು ಕೋಳಿ, ಎಲ್ಲ ವೇದಿಯ ಮೆಟ್ಟಿಲ ಮೇಲೆ. ಯೆಶಾಯಪ್ಪ ಹಿರಿಯರ ಬೆಂಚಿನಲ್ಲಿ ಕೂತು ಸಭೆಯ ಮೇಲೆ ಕಣ್ಣಾಡಿಸಿದ. ಕಡೆಯ ಬೆಂಚಿನಲ್ಲಿ, ತಲೆಗೆ ಎಣ್ಣೆ ಮೆತ್ತಿಕೊಂಡು, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ದೂಜ ಕೂತಿದ್ದ! ಹೆಂಗಸರ ಕಡೆ ನೋಡಿದ. ಸುಂದ್ರವ್ವ ಹಾಡಿನ ಪುಸ್ತಕದಿಂದ ತಲೆ ಎತ್ತಲೇ ಇಲ್ಲ. ಅವಳೇ ಕರೆದಿದ್ದಾಳೆ, ಇನ್ನಾರು? ಹಾಡು ಮುಗಿಯಿತು, ಪಾಠ ಓದಿದ್ದಾಯಿತು. ಕರ್ತನು ವಾಸಿಮಾಡಿದ ಹತ್ತು ಕುಷ್ಠರೋಗಿಗಳಲ್ಲಿ ಒಬ್ಬನೇ ಸ್ತೋತ್ರ ಹೇಳಲು ತಿರುಗಿ ಬಂದದ್ದನ್ನೇ ಓದಬೇಕೆ ಈ ಅಯ್ಯನವರು! ಉಳಿದ ಒಂಬತ್ತು ಜನ ಏಕೆ ಬರಲಿಲ್ಲವೆಂದು ಯೆಶಾಯಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ಅರ್ಥವಾಯಿತು. ಪಾಪ, ಬರಲು ಅವರಿಗೆ ನಾಚಿಕೆಯಾಗಿರಬೇಕು. ಹೆಸರು ಕರೆದರು. ಎದ್ದು ನಿಂತ. ಹೆಗಲ ಮೇಲೆ ಎಲ್ಲರ ಕಣ್ಣು ಬಿದ್ದದ್ದು ಮೈಗೆ ತಾಗಿತು.

“ಪ್ರಿಯ ಸಹೋದರ ಸಹೋದರಿಯರೇ, ಒಂದು ಹಸ್ತವು...” ಎಂದು ಶುರುಮಾಡಿದ. ಮುಂದಿನ ಸಾಲಿನಲ್ಲಿ ನಾಗವ್ವ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಕಣ್ಣೀರು ನೋಡಿ ಅವನು ಕೈಯಲ್ಲಿದ್ದ ಹಾಳೆಯನ್ನು ಮಡಚಿದ. ಬಾಯಿಗೆ ಬಂದದ್ದು ಬರೆದಿಟ್ಟುಕೊಂಡದ್ದಲ್ಲ. “ಆ ಕೈ ಹೆಗಲ ಹಿಡಿದಿರಲಿಲ್ರೀ. ಪ್ಯಾಂಟ ಹಿಡಿದಿತ್ತು. ಹಿಂದಿಂದ.” ಸಭೆಯಲ್ಲಿ ಯಾರೋ ಕೆಮ್ಮಿದರು. ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ. ಗುಂಡಿ ಹಾರಿದ್ದು, ಪಟ್ಟೆ ಚಡ್ಡಿ, ಪೇಪರು, ಎಲ್ಲ ಹೊರಬಂತು. ಕೈಗೆ ಮೀನಿನ ವಾಸನೆ ಇತ್ತೆಂದೂ, ಅದು ನಮ್ಮ ಚಾಳದ ದೂಜನದೆಂದೂ, ಮಳೆಗಾಲವೆಲ್ಲ ಅವನಿಗೆ ಒಂದು ಮಾತು ಹೇಳದೆ ದೇವರ ಹಿಂದೆ ಅಡಗಿ ಕೂತೆನೆಂದೂ ಹೇಳಿದ. “ದೇವರನ್ನ ಹೊಗಳಿದ್ದು ನಾನು ಅವಂಗ ಸಣ್ಣಾಂವ ಆಗಬಾರದಂತ” ಎಂದಾಗ ದನಿ ನಡುಗಿತು. ಬೇಕೆಂದು ನಡುಗಿಸಿದ್ದಲ್ಲ, ನಿಜವಾಗಿಯೂ ನಡುಗಿತು. ಮೊದಲು ಹೆಂಗಸರ ಕಡೆ ನಗು ಎದ್ದಿತು, ಆಮೇಲೆ ಇಡೀ ದೇವಾಲಯ ನಕ್ಕಿತು, ಆಮೇಲೆ ಅದೇ ಜನ ಅತ್ತರು. ನಾಗವ್ವ ಮಾತ್ರ, “ಅಂದ್ರ ರೆಕ್ಕಿ ಇದ್ದಿದ್ದಿಲ್ಲೇನ್ರಿ?” ಎಂದು ಬೇಸರದಿಂದ ಪಕ್ಕದವಳನ್ನು ಕೇಳಿದಳು. ಅಯ್ಯನವರು ಎದ್ದು ಬಂದು ಅವನ ಕೈ ಹಿಡಿದು, “ನೋಡ್ರಿ, ಇದಕ್ಕ ದೀನತೆ ಅಂತಾರ! ಇಷ್ಟು ವರ್ಷದಾಗ ಇಂಥಾ ಸಾಕ್ಷಿ ನಾ ಕೇಳಿಲ್ಲ” ಎಂದರು.

ಯೆಶಾಯಪ್ಪ ಕಣ್ಣು ತಗ್ಗಿಸಿದ. ಎಷ್ಟು ತಗ್ಗಿಸಿದರೆ ಚೆನ್ನಾಗಿ ಕಾಣುತ್ತದೆಯೋ ಅಷ್ಟೇ ತಗ್ಗಿಸಿದ. ಅದು ಗೊತ್ತಾಗಿಬಿಟ್ಟಿತು ಅವನಿಗೆ! ಥೂ, ಇಲ್ಲೂ ಬಂತೇ ಇದು? ಚಡ್ಡಿಯ ಕತೆ ಹೇಳಿಯೂ ದೊಡ್ಡವನೇ ಆದೆನಲ್ಲ ಎಂದು ಒಳಗೇ ಬೆಚ್ಚಿದ. ಇನ್ನು ಉಳಿದದ್ದು ದೂಜನ ಮುಖ ನೋಡುವುದೊಂದೇ. ಧೈರ್ಯ ಮಾಡಿ ಕಡೆಯ ಬೆಂಚಿನ ಕಡೆ ಕಣ್ಣೆತ್ತಿದ. ಬೆಂಚು ಖಾಲಿ. ವೇದಿಯ ಮೆಟ್ಟಿಲ ಮೇಲೆ ಕೋಳಿಯೂ ಇರಲಿಲ್ಲ. ಹೊರಗೆ ಅಂಗಳದಿಂದ ದೂಜನ ಕೂಗು ಕೇಳಿಬರುತ್ತಿತ್ತು: “ಆ ಕಡೆ ಅಡ್ಡ ನಿಲ್ಲಿ ಮಾರಾಯ್ರೇ, ಗೇಟಿನತ್ತ ಹೋಗ್ತದೆ!”

ಹರಾಜು ಮುಗಿದು, ಕೋಳಿ ಯಾರದೋ ಮನೆಗೆ ಹೋಗಿ, ಮೂವರೂ ಸ್ಟೇಶನ್ನಿಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಸುಂದ್ರವ್ವ ಗಂಡನ ಮುಖವನ್ನು ಒಮ್ಮೆ ನೋಡಿ, ಹೆಂಗಸರ ಡಬ್ಬಿ ಹತ್ತಿದಳು. ಭಾನುವಾರದ ಗಾಡಿ, ಕೂರಲು ಜಾಗವಿತ್ತು. ದೂಜ ಕೂರಲಿಲ್ಲ, ಬಾಗಿಲ ಹತ್ತಿರ ಕಂಬಿಗೊರಗಿ ನಿಂತ. ಯೆಶಾಯಪ್ಪ ಕೂತು, ಎದ್ದು, ಮತ್ತೆ ಕೂತ. ದಾದರ್ ಹೋಯಿತು, ಮಾಹಿಮ್ ಹೋಯಿತು. ಸಭೆಯೆದುರು ಅಷ್ಟು ಮಾತು ಹರಿಸಿದ ಬಾಯಿ ಈಗ ಒಬ್ಬನೆದುರು ಕಚ್ಚಿಕೊಂಡಿತು. ಕಡೆಗೆ ಹೋಗಿ ಪಕ್ಕದಲ್ಲಿ ನಿಂತು, “ಒಳಗ ನಿನ್ನ ಹೆಸರು ಹೇಳಿದೆ, ದೂಜಾ” ಎಂದ.

“ಹೌದಾ? ನಾನು ಕೋಳಿ ಹಿಂದೆ ಇದ್ದೆ. ಅದು ಕಟ್ಟಿದ್ದು ಸರಿ ಇರಲಿಲ್ಲ.”

“ಕೋಳಿ ಹಾಳಾಗ್ಲಿ.” ಶಬ್ದ ಹುಡುಕಿದ. ಒಂದೂ ಸಿಗಲಿಲ್ಲ. “ನೀ ಹಿಡೀಲಿಲ್ಲಂದ್ರ ನಾ ಸಾಯ್ತಿದ್ನೋ. ಇವತ್ತಿಗೆ ಮಣ್ಣಾಗಿರ್ತಿದ್ದೆ.” ಅಷ್ಟೇ. ಯಾವ ಹೊಂದಿಕೆಯೂ ಇಲ್ಲದ, ಬೋಳು ಮಾತು.

ದೂಜ ನಗುತ್ತಾನೆಂದುಕೊಂಡಿದ್ದ. ಬಂಗುಡೆಯ ಮಾತು ತೆಗೆಯುತ್ತಾನೆಂದುಕೊಂಡಿದ್ದ. ದೂಜನ ಮುಖ ಮಾತ್ರ ಇದ್ದಕ್ಕಿದ್ದಂತೆ ಬಿಳಿಚಿಕೊಂಡಿತು. ಹೊರಗೆ ಓಡುತ್ತಿದ್ದ ಗೋಡೆಗಳನ್ನೇ ನೋಡುತ್ತ ಅವನು, “ಹಾಗೆ ಹೇಳ್ಬೇಡಿ ಮಾರಾಯ್ರೇ. ನನಗೆ ನಿದ್ದೆ ಇಲ್ಲ” ಎಂದ. “ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಚೀಲ. ನೀವು ಜಾರಿದ್ದು ಕಂಡಿತು. ಕಂಡ ಕೂಡ್ಲೇ ನಾನು ಕೈ ಹಾಕ್ಲಿಲ್ಲ. ಚೀಲ ಹೋಗ್ತದಲ್ಲ ಅಂತ ಅನ್ನಿಸ್ತು. ಆಮೇಲೆ, ಇವರು ಅದೇ ಮೀನಿನ ವಾಸನೆಗೆ ದೂರು ಕೊಟ್ಟವರಲ್ವಾ, ಅಂತ್ಲೂ ಅನ್ನಿಸ್ತು. ಅಷ್ಟೆಲ್ಲ ಅನ್ನಿಸಿದ ಮೇಲೆ ಚೀಲ ಬಿಟ್ಟದ್ದು. ಇನ್ನೊಂಚೂರು ಅನ್ನಿಸಿದ್ರೆ ನೀವಿಲ್ಲ. ಬೆಳಿಗ್ಗೆ ಎದ್ದ ಕೂಡ್ಲೇ ಅದೇ ಹೆದರಿಕೆ. ನೀವು ಇದ್ದೀನಿ ಅಂದ ಮೇಲೆಯೇ ನನಗೆ ಚಾ ಇಳಿಯುದು. ಪಾದ್ರಿ ಹತ್ರ ಈ ಪಾಪ ಹೇಳುವಾಂತ ಹೋದೆ, ಸಾಲು ಉದ್ದ ಇತ್ತು, ವಾಪಸು ಬಂದೆ.” ಅವನ ಕಣ್ಣಲ್ಲಿ ನೀರು ತುಂಬಿತ್ತು. “ನೀವು ನನ್ನನ್ನು ಕ್ಷಮಿಸ್ಬೇಕು.”

ಯೆಶಾಯಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಬಂಗುಡೆಯ ಜೊತೆ ತೂಗಿದನೇ ನನ್ನನ್ನು! ಸಭೆಯ ಹಿರಿಯ, ಹೆಡ್‌ಕ್ಲಾರ್ಕ್! ಬಾಂದ್ರಾ ಕಳೆದು ಖಾರ್ ಬರುವವರೆಗೂ ಆ ಸಿಟ್ಟು ಕುದಿಯಿತು. ಕ್ಷಮಿಸುವ ಮಾತು ಅವನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಹಿರಿಯನಾಗಿ ಎಷ್ಟೋ ಜನರಿಗೆ ಆಡಿದ ಮಾತು, ಹೆಗಲ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಆಡುವಂಥದು. ಕೈ ಎತ್ತಿಯೂ ಎತ್ತಿದ. ಆದರೆ ಅಷ್ಟರಲ್ಲಿ ಆ ಬಾಗಿಲಿನಲ್ಲಿ ತಾನೇ ನಿಂತದ್ದು ಕಂಡಿತು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಆಫೀಸಿನ ಚೀಲ, ಕೆಳಗೆ ಜಾರುತ್ತಿರುವ ದೂಜ, ಭಾನುವಾರ ಇಸ್ಪೀಟು ಆಡುವ, ಮೀನು ಹುರಿಯುವ ದೂಜ. ತಾನು ಏನು ಮಾಡುತ್ತಿದ್ದೆನೆಂದು ನೋಡಿದ. ಬಹಳ ಹೊತ್ತು ನೋಡಬೇಕಾಗಲಿಲ್ಲ. ಎತ್ತಿದ ಕೈ ಕೆಳಗಿಳಿಯಿತು. ಇಂಥ ಲೋಕದಲ್ಲಿ, ತನ್ನಂಥವರೇ ತುಂಬಿರುವ ಗಾಡಿಯಲ್ಲಿ, ತಾನು ಜಾರುವ ಹೊತ್ತಿಗೆ ಬಾಗಿಲಲ್ಲಿ ತಾನಲ್ಲದ ಇನ್ನೊಬ್ಬ ನಿಂತಿದ್ದನಲ್ಲ! ಬೆಳಗಿನಿಂದ ಕನ್ನಡಿಯ ಮುಂದೆ ಕೂತು ಕರೆದರೂ ಬಾರದಿದ್ದದ್ದು ಈಗ ಕೇಳದೆ ಬಂತು. ಕಣ್ಣೀರು ಸುರಿಯಿತು, ಮೂಗು ಸುರಿಯಿತು, ಒರೆಸಿಕೊಳ್ಳುವಾಗ ಹೇಗೆ ಕಾಣುತ್ತೇನೆಂಬುದು ಹೊಳೆಯಲೇ ಇಲ್ಲ.

“ನಾ ಆಗಿದ್ರ” ಎಂದ ಯೆಶಾಯಪ್ಪ, “ಚೀಲಾ ಬಿಡ್ತಿರಲಿಲ್ಲೋ, ದೂಜಾ.”

“ಗೊತ್ತುಂಟು ಮಾರಾಯ್ರೇ” ಎಂದ ದೂಜ. “ಈಗ ಬಾಗಿಲಿನಿಂದ ಒಳಗೆ ಬನ್ನಿ, ಸಾಂತಾಕ್ರೂಜ್ ಬಂತು.”